ವಾಹನದ ಹೊಗೆಯ ದುರ್ವಾಸನೆ: ಕಾರಣ ಮತ್ತು ಪರಿಹಾರ



ಈ ಪುಟದಲ್ಲಿ ವಾಡಿಕೆಯಾಗಿ ಕೊಳೆರೋಗ, ಕಾಂಡಕೊರಕ, ಗೊಬ್ಬರ, ಮಾರುಕಟ್ಟೆ ಇವುಗಳ ವಿಚಾರವೇ ಬರುವುದು. ಈ ಸಲ ಮೋಟಾರು ವಾಹನದ ಹೊಗೆಯ ಬಗ್ಗೆ ಬರೆಯುತ್ತಿದ್ದೇನೆ. ಇಂದು ತೋಟವಿದ್ದವರ ಮನೆಯಲ್ಲಿ ಒಂದು ವ್ಯಾನೋ ಜೀಪೋ ಇದ್ದೇ ಇರುತ್ತದೆ. ಅದರಲ್ಲಿಯೇ ಬೆಳಿಗ್ಗೆ ಆಳುಗಳು, ಮಧ್ಯಾಹ್ನ ಮೈಲುತುತ್ತ ಮತ್ತು ಸುಣ್ಣ, ಸಂಜೆಗೆ ಅಡಿಕೆಯ ಚೀಲ. ಸಂಘದ ಕಛೇರಿಗೆ ಬಂದ ಸದಸ್ಯರು "ಗಾಡಿ ಯಾಕೋ ನಾರುತ್ತದೆ" ಎಂದು ಮಾತಿಗೆ ಹೇಳಿ, ಆ ಮಾತನ್ನು ಅಲ್ಲಿಗೇ ಬಿಟ್ಟು ಹೋಗುವುದನ್ನು ಬಹಳ ಸಲ ಕಂಡಿದ್ದೇನೆ. ನಾನೂ ಹಾಗೆಯೇ ಬಿಟ್ಟವನು. ನಾನು ಮೆಕ್ಯಾನಿಕ್ ಅಲ್ಲ. ಬೆಳಗಾವಿಯಲ್ಲಿ ಬಿ.ಎಸ್ಸಿ. ಓದುವಾಗ ಕಲಿತ ಅಷ್ಟಿಷ್ಟು ರಸಾಯನಶಾಸ್ತ್ರ ಮತ್ತು ಸ್ವಂತ ತಪ್ಪಿನಿಂದ ಕಲಿತ ಪಾಠ, ಇವೆರಡೇ ಈ ಲೇಖನದ ಬಂಡವಾಳ.

ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಕೋವಿಡ್ಡಿಗೆ ಮುಂಚಿನ ಒಂದು ಮಳೆಗಾಲ. ಪಾರಿಶ್ವಾಡದಿಂದ ಖಾನಾಪುರ ದಾಟಿ ಜಾಂಬೋಟಿ ಕಡೆಗಿರುವ ತೋಟಕ್ಕೆ ಔಷಧ ಹೊಡೆಯಲು ಐದಾರು ಜನರನ್ನು ನಮ್ಮ ಹಳೆಯ ಪೆಟ್ರೋಲ್ ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದೆ. ಔಷಧ ಹೊಡೆಯುವ ದೋಟಿ ಉದ್ದವಾದ್ದರಿಂದ ಹಿಂದಿನ ಬಾಗಿಲು ಮುಚ್ಚುತ್ತಿರಲಿಲ್ಲ. ಹಗ್ಗದಿಂದ ಬಿಗಿದು, ಗೇಣು ತೆರೆದಂತೆಯೇ ಓಡಿಸುವುದು. ಆ ಕಡೆಯ ಮಳೆ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಪಕ್ಕದ ಗಾಜುಗಳೆಲ್ಲ ಮುಚ್ಚಿರುತ್ತಿದ್ದವು. ನನ್ನ ಕಡೆಯದು ಮಾತ್ರ ತೆರೆದಿರುತ್ತಿತ್ತು. ಅಡಿಕೆ ಬೆಳೆಗಾರನಿಗೆ ಎಲೆಅಡಿಕೆ ಉಗುಳಲು ಕಿಟಕಿ ಬೇಕಲ್ಲ!

ವ್ಯಾನಿನಲ್ಲಿ ಒಂದು ಬಗೆಯ ಕೊಳೆತ ಮೊಟ್ಟೆಯ ವಾಸನೆ, ಅದರೊಂದಿಗೆ ಹಸಿ ಪೆಟ್ರೋಲಿನ ಘಾಟು ತಿಂಗಳಿನಿಂದ ಇತ್ತು. ನಾನು ಮಾಡಿದ್ದೇನೆಂದರೆ ಪೇಟೆಯಿಂದ ಸುವಾಸನೆಯ ಡಬ್ಬಿಯೊಂದನ್ನು ತಂದು ಕನ್ನಡಿಯ ಕೆಳಗೆ ತೂಗುಹಾಕಿದ್ದು. ಹಿಂದೆ ಕುಳಿತವರು ತಲೆನೋವು, ವಾಕರಿಕೆ ಎನ್ನುತ್ತಿದ್ದರು. ತಿರುವಿನ ರಸ್ತೆ ಆಗಿಬರುವುದಿಲ್ಲ ಎಂದುಕೊಂಡು ನಿಂಬೆಹಣ್ಣು ಕೊಟ್ಟೆ. ಮೈಲುತುತ್ತದ ಘಾಟಿರಬಹುದೆಂದು ಚೀಲವನ್ನು ಮೇಲಿನ ಕ್ಯಾರಿಯರಿಗೆ ಹಾಕಿಸಿದೆ. ಕಡೆಗೆ ಗುಂಪಿನಲ್ಲಿದ್ದ ಹಿರಿಯ ಹೆಣ್ಣುಮಗಳೊಬ್ಬಳು ಹೇಳಿದಳು: "ಧಣ್ಯಾರ, ತೋಟದಾಗ ಇಡೀ ದಿನಾ ಏನೂ ಆಗಂಗಿಲ್ರಿ. ಗಾಡ್ಯಾಗ ಕುಂತ ಅರ್ಧಾ ತಾಸಿಗೆ ಎಲ್ಲಾರಿಗೂ ಕೂಡೇ ತಲಿ ಸಿಡ್ಯಾಕ ಹತ್ತತೈತಿ. ಇಳದು ಗಾಳಿಗೆ ನಿಂತರ ಹಗರ ಆಕ್ಕೈತಿ. ಮಳಿ ಇಲ್ಲದ ದಿನಾ, ಕಿಡಕಿ ತಗದಾಗ, ಏನೂ ಇಲ್ಲ."

ಇದಕ್ಕಿಂತ ಸ್ಪಷ್ಟವಾದ ರೋಗನಿದಾನವನ್ನು ನಾನು ಬಳಿಕವೂ ಕೇಳಿಲ್ಲ. ಆದರೆ ಅಂದು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ದಿನದ ನಂತರ ತೋಟದ ಬಾಗಿಲಲ್ಲಿ ಇಳಿಯುವಾಗ ಹಿಂದಿನ ಸೀಟಿನ ತುದಿಯಲ್ಲಿದ್ದ ಹುಡುಗ ಕಾಲು ನಿಲ್ಲದೆ ಕುಸಿದ. ಖಾನಾಪುರಕ್ಕೆ ಕರೆತಂದಾಗ ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆ "ಏನು ಉಂಡಿದ್ದಾನೆ?" ಎಂಬುದಲ್ಲ, "ಯಾವ ಗಾಡಿಯಲ್ಲಿ ಬಂದ?" ಎಂಬುದು. ಆಮ್ಲಜನಕ ಕೊಟ್ಟರು. ಹುಡುಗ ಸಂಜೆಗೆ ಎದ್ದು ಕುಳಿತ. ಇನ್ನೊಂದು ಅರ್ಧ ತಾಸಿನ ದಾರಿ ಇದ್ದಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ನಾರುವುದು ಬೇರೆ, ಕೊಲ್ಲುವುದು ಬೇರೆ

ಒಂದು ಕಿಲೋ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಅಥವಾ ಪೆಟ್ರೋಲು ಹೆಚ್ಚಾದರೆ ಉರಿಯುವಿಕೆ ಅರ್ಧಕ್ಕೆ ನಿಲ್ಲುತ್ತದೆ. ಆಗ ಇಂಗಾಲದ ಡೈ ಆಕ್ಸೈಡಿನ ಜೊತೆಗೆ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವೂ ಹೇರಳವಾಗಿ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ಆಮ್ಲಜನಕ ಮೈಗೆ ಮುಟ್ಟುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಮಂಪರು, ಆಮೇಲೆ ಎಚ್ಚರ ತಪ್ಪುವುದು.

ಆದುದರಿಂದ ದುರ್ವಾಸನೆ ನಮ್ಮ ಶತ್ರುವಲ್ಲ. ಹೊಗೆ ಎಲ್ಲಿಗೆ ಬರಬಾರದೋ ಅಲ್ಲಿಗೆ ಬಂದಿದೆ ಎಂದು ಅದು ಸಾರಿ ಹೇಳುತ್ತದೆ. ಸುವಾಸನೆಯ ಡಬ್ಬಿ ತೂಗುಹಾಕಿ ನಾನು ಮುಚ್ಚಿದ್ದು ಆ ಬಾಯಿಯನ್ನೇ. ವಾಸನೆ ವಾಹನದ ಹೊರಗೆ ಮಾತ್ರ ಇದ್ದರೆ ಅದು ರಿಪೇರಿಯ ವಿಷಯ, ಎರಡು ದಿನ ತಡೆದೀತು. ಒಳಗೆ ಬಂದರೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಬೇಕು. ಮಳೆಯಿದ್ದರೆ ಮಳೆಯಲ್ಲಿಯೇ ಇಳಿಸಬೇಕು. ಮೂಗನ್ನು ಬಹಳ ನಂಬುವಂತೆಯೂ ಇಲ್ಲ, ಸ್ವಲ್ಪ ಹೊತ್ತಿನಲ್ಲಿ ಅದು ಯಾವ ವಾಸನೆಗೂ ಒಗ್ಗಿಹೋಗುತ್ತದೆ. ದಿನವೂ ಓಡಿಸುವವನಿಗಿಂತ ಹೊಸದಾಗಿ ಹತ್ತಿದವರ ಮಾತಿಗೆ ಬೆಲೆ ಕೊಡಿ.

ಯಾವ ವಾಸನೆ, ಯಾವ ಕಾಯಿಲೆ

ಕೊಳೆತ ಮೊಟ್ಟೆಯ ವಾಸನೆ: ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಿಪ್ಪನ ಉಪಕರಣ ನೋಡಿದವರಿಗೆ ಈ ವಾಸನೆ ಜನ್ಮಕ್ಕೆ ಮರೆಯದು. ಅದು ಜಲಜನಕದ ಸಲ್ಫೈಡ್. ಪೆಟ್ರೋಲಿನಲ್ಲಿರುವ ಗಂಧಕದ ಅಂಶವೇ ಇದಕ್ಕೆ ಮೂಲ. ಈಚಿನ ಪೆಟ್ರೋಲ್ ವಾಹನಗಳ ಹೊಗೆಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಇರುತ್ತದೆ. ಅದರೊಳಗೆ ಜೇನುಹುಟ್ಟಿನಂತಹ ರಂಧ್ರಗಳು, ಅವುಗಳ ಮೇಲೆ ಪ್ಲಾಟಿನಮ್, ಪೆಲೇಡಿಯಮ್, ರೋಡಿಯಮ್ ಲೋಹಗಳ ತೆಳು ಲೇಪ. ಮಾನಾಕ್ಸೈಡನ್ನು ಸುಟ್ಟು ನಿರಪಾಯ ಮಾಡುವುದು ಅದರ ಕೆಲಸ. ಗಾಳಿ ಸಾಕಷ್ಟಿದ್ದಾಗ ಗಂಧಕವು ಅದರಲ್ಲಿ ಕೂಡಿಕೊಳ್ಳುತ್ತದೆ. ಪೆಟ್ರೋಲು ಹೆಚ್ಚಾದ ಕ್ಷಣ ಸಲ್ಫೈಡಾಗಿ ಹೊರಬೀಳುತ್ತದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಂದ ಬಿ.ಎಸ್. 6 ಪೆಟ್ರೋಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗ. ಅದಕ್ಕೆ ಮುಂಚಿನ ಬಿ.ಎಸ್. 4ರಲ್ಲಿ 50 ಇತ್ತು. ಇಷ್ಟು ಕಡಿಮೆ ಗಂಧಕದಲ್ಲಿಯೂ ದಿನವೂ ಮೊಟ್ಟೆ ನಾರುತ್ತಿದ್ದರೆ ಬಂಕಿನವನನ್ನು ಬಯ್ಯುವ ಮೊದಲು ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆಯೇ ಎಂದು ನೋಡಬೇಕು.

ಹೆಚ್ಚಾಗಲು ಕಾರಣಗಳು ಹಲವು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರ್ ಕೆಟ್ಟಿರಬಹುದು. ಎಂಜಿನ್ ಬಿಸಿಯಾಗಿದೆ ಎಂದು ತಿಳಿಸುವ ಸೆನ್ಸರ್ ಸುಳ್ಳು ಹೇಳಿ, ಕಾದ ಎಂಜಿನ್ನಿಗೂ ತಣ್ಣನೆಯದೆಂದು ಪೆಟ್ರೋಲು ಸುರಿಸುತ್ತಿರಬಹುದು. ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು. ಮೀಟರಿನ ಬಳಿ ಎಂಜಿನ್ ಗುರುತಿನ ಹಳದಿ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ತೋರಿಸಿ, ಸಂಕೇತ ಸಂಖ್ಯೆ ಬರೆಸಿಕೊಳ್ಳಿ. ಊಹೆಯ ಮೇಲೆ ಬಿಡಿಭಾಗ ಬದಲಿಸುವುದು ಎಂದೂ ದುಬಾರಿ. ಕಾರ್ಬೊರೇಟರಿನ ಹಳೆಯ ಗಾಡಿಯಾದರೆ ಚೋಕ್ ಅಂಟಿಕೊಂಡಿದೆಯೇ, ಫ್ಲೋಟ್ ಬಟ್ಟಲಿನ ಸೂಜಿ ಸವೆದಿದೆಯೇ, ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದೆಯೇ ನೋಡುವುದು. ತೋಟದ ಮನೆಯಲ್ಲಿ ಹದಿನೈದು ದಿನ ನಿಂತ ಗಾಡಿಯ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿರುವುದು ಹೊಸತೇನಲ್ಲ. ಒಮ್ಮೆ ನಮ್ಮ ಜೀಪಿನ ಡಬ್ಬಿಯಿಂದ ಅಡಿಕೆ ಸಿಪ್ಪೆಯ ನಾರು ಒಂದು ಬುಟ್ಟಿಯಷ್ಟು ತೆಗೆದಿದ್ದೇವೆ.

ಇಲ್ಲಿ ಒಂದು ಎಚ್ಚರಿಕೆ. ಕೆಲವರು "ಈ ಡಬ್ಬಿಯೇ ಪೀಡೆ, ಒಡೆದು ಖಾಲಿ ಮಾಡಿ ವೆಲ್ಡ್ ಮಾಡಿಕೊಡುತ್ತೇನೆ" ಎನ್ನುತ್ತಾರೆ. ಒಪ್ಪಬೇಡಿ. ವಾಸನೆ ಹೋಗುತ್ತದೆ, ಮಾನಾಕ್ಸೈಡ್ ಉಳಿಯುತ್ತದೆ. ಇನ್ನೊಂದು ಮಾತು: ಪ್ಲಗ್ ಕೆಟ್ಟು ಎಂಜಿನ್ ಜರ್ಕು ಹೊಡೆಯುವಾಗ ಉರಿಯದ ಪೆಟ್ರೋಲು ಆ ಡಬ್ಬಿಗೆ ಬಂದು ಅಲ್ಲಿ ಉರಿದು, ಡಬ್ಬಿ ಕೆಂಪಗೆ ಕಾಯುತ್ತದೆ. ಅಂತಹ ಗಾಡಿಯನ್ನು ಬೇಸಿಗೆಯಲ್ಲಿ ಒಣ ತರಗಿನ ಮೇಲೆ, ಸೋಗೆಯ ರಾಶಿಯ ಮೇಲೆ ನಿಲ್ಲಿಸಿದರೆ ತೋಟಕ್ಕೆ ಬೆಂಕಿ ಬೀಳಲು ಬೇರೆ ಕಾರಣ ಬೇಡ.

ಮೊಟ್ಟೆಯ ವಾಸನೆ ಬಾನೆಟ್ಟಿನ ಕಡೆಯಿಂದ ಬಂದರೆ ಹೊಗೆಯನ್ನು ಬಿಟ್ಟು ಬ್ಯಾಟರಿಯನ್ನು ನೋಡಿ. ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಅತಿಯಾಗಿ ಚಾರ್ಜ್ ಆದಾಗಲೂ ಇದೇ ವಾಸನೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಮುಟ್ಟಿದರೆ ಸುಡುವ, ಉಬ್ಬಿದ ಬ್ಯಾಟರಿಯ ಹತ್ತಿರ ಬೀಡಿ ಕಡ್ಡಿ ಒಯ್ಯಬೇಡಿ.

ಹಸಿ ಪೆಟ್ರೋಲಿನ ವಾಸನೆ: ಹೊಗೆಯಲ್ಲಿ ಬಂದರೆ ಮೇಲೆ ಹೇಳಿದ ಕಾರಣಗಳೇ. ಎಂಜಿನ್ ಆರಿಸಿದ ಮೇಲೂ ಬಂದರೆ ಎಲ್ಲಿಯೋ ಸೋರಿಕೆಯಿದೆ, ಅದನ್ನು ಸರಿಪಡಿಸದೆ ಚಾಲೂ ಮಾಡಬಾರದು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಹಳೆಯ ಗಾಡಿಗಳ ರಬ್ಬರ್ ನಳಿಗೆಗಳನ್ನು ಅದು ಮೆತ್ತಗೆ ಮಾಡಬಹುದು. ನೀರನ್ನೂ ಎಳೆದುಕೊಳ್ಳುತ್ತದೆ, ಆದ್ದರಿಂದ ಮಳೆಗಾಲವಿಡೀ ನಿಲ್ಲಿಸುವ ಗಾಡಿಯ ಟಾಂಕಿಯಲ್ಲಿ ಹಳೆಯ ಪೆಟ್ರೋಲು ಇಟ್ಟುಕೊಳ್ಳುವುದು ಒಳ್ಳೆಯದಲ್ಲ.

ಸುಟ್ಟ ಎಣ್ಣೆಯ ವಾಸನೆ, ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ. ಇದಕ್ಕೆ ನಮ್ಮ ಘಾಟಿಯೇ ಪರೀಕ್ಷಾಶಾಲೆ. ಕಣಕುಂಬಿಯಿಂದ ಚೋರ್ಲಾ ಘಾಟಿ ಇಳಿಯುವಾಗ ಎಕ್ಸಲೇಟರಿನಿಂದ ಬಹಳ ಹೊತ್ತು ಕಾಲು ತೆಗೆದಿದ್ದು, ಕೆಳಗೆ ಮತ್ತೆ ಒತ್ತಿದಾಗ ಹಿಂದೆ ನೀಲಿ ಮೋಡ ಎದ್ದರೆ ವಾಲ್ವಿನ ಸೀಲು ಸವೆದಿದೆ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಚಾಲೂ ಮಾಡಿದಾಗ ಒಂದೇ ಬುಗ್ಗೆ ನೀಲಿ ಬಂದು ನಿಂತರೂ ಅದೇ. ಭಾರ ಹೊತ್ತು ಘಾಟಿ ಏರುವಾಗ ಬಿಡದೆ ಬಂದರೆ ಪಿಸ್ಟನ್ ರಿಂಗುಗಳ ಕಡೆ ನೋಡಬೇಕು, ಅದು ದೊಡ್ಡ ಖರ್ಚು. ಸೀಲಿನ ಕೆಲಸಕ್ಕೆ ಎಂಜಿನ್ ಪೂರ್ತಿ ಬಿಚ್ಚಲು ಹೊರಟರೆ "ಯಾಕೆ?" ಎಂದು ಕೇಳುವ ಹಕ್ಕು ನಿಮಗಿದೆ. ನೀಲಿ ಹೊಗೆಯಿಲ್ಲದೆ ಎಣ್ಣೆ ಸುಟ್ಟ ವಾಸನೆ ಮಾತ್ರ ಬಂದರೆ ಮೇಲಿನ ವಾಲ್ವ್ ಕವರಿನ ಗ್ಯಾಸ್ಕೆಟ್ಟಿನಿಂದ ಎಣ್ಣೆ ಜಿನುಗಿ ಕಾದ ಕೊಳವೆಯ ಮೇಲೆ ಬೀಳುತ್ತಿರಬಹುದು. ಅದು ಸಣ್ಣ ಕೆಲಸ.

ಸಿಹಿ ವಾಸನೆಯ ಬಿಳಿ ಹೊಗೆ: ಕೂಲೆಂಟ್ ಎಂಜಿನ್ನಿನೊಳಗೆ ಸೇರಿ ಉರಿಯುತ್ತಿದೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಲಕ್ಷಣ. ಚಳಿಗಾಲದ ಬೆಳಿಗ್ಗೆ ಐದು ನಿಮಿಷ ಬಿಳಿ ಆವಿ ಬರುವುದು ಸಹಜ, ಅದಕ್ಕೆ ಹೆದರಬೇಕಾಗಿಲ್ಲ. ಎಂಜಿನ್ ಕಾದ ಮೇಲೂ ಬರುತ್ತಿದ್ದು, ಕೂಲೆಂಟ್ ದಿನವೂ ಇಳಿಯುತ್ತಿದ್ದು, ಆಯಿಲ್ ಕಡ್ಡಿಯ ಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋಗಿ. ನಮ್ಮಲ್ಲಿ ಹಲವರು ರೇಡಿಯೇಟರಿಗೆ ಹಳ್ಳದ ನೀರನ್ನೇ ಸುರಿಯುವವರು. ಅವರಿಗೆ ಸಿಹಿ ವಾಸನೆಯ ಸುಳಿವೂ ಸಿಗುವುದಿಲ್ಲ, ಬರೀ ಆವಿ ಕಾಣುತ್ತದೆ.

ಡೀಸೆಲ್ ಗಾಡಿಗಳಲ್ಲಿ ಕಪ್ಪು ಹೊಗೆಗೆ ಮೊದಲು ಏರ್ ಫಿಲ್ಟರ್, ಆಮೇಲೆ ನಾಜಲ್, ಕಡೆಗೆ ಪಂಪು. ಈ ಅನುಕ್ರಮವನ್ನು ಬಿಡಬೇಡಿ, ಏಕೆಂದರೆ ಖರ್ಚಿನ ಅನುಕ್ರಮವೂ ಅದೇ. ಬಿ.ಎಸ್. 6 ಡೀಸೆಲ್ ವಾಹನಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದು, ಆಗಾಗ ತಾನೇ ಕಾದು ಮಸಿಯನ್ನು ಸುಟ್ಟುಕೊಳ್ಳುತ್ತದೆ. ಆಗ ಬರುವ ಕಮಟು ವಾಸನೆ ಸಹಜ. ಊರಿಂದ ಸಂತೆಗೆ, ಸಂತೆಯಿಂದ ಊರಿಗೆ ಎಂದು ಸಣ್ಣ ಓಡಾಟವನ್ನೇ ಮಾಡಿದರೆ ಆ ಕ್ರಿಯೆ ಮುಗಿಯದೆ ಫಿಲ್ಟರ್ ಕಟ್ಟುತ್ತದೆ. ಆಗೊಮ್ಮೆ ಈಗೊಮ್ಮೆ ಬೆಳಗಾವಿಯ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿಕೊಂಡು ಬರುವುದು ಅದಕ್ಕೆ ಮದ್ದು.

ಸೋರಿಕೆ ಹುಡುಕುವ ಕ್ರಮ

ಇಷ್ಟೆಲ್ಲ ಸರಿಯಿದ್ದರೂ ಕೊಳವೆ ತೂತಾಗಿದ್ದರೆ ಪ್ರಯೋಜನವಿಲ್ಲ. ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ. ಶೆಡ್ಡಿನೊಳಗೆ, ಅದರ ಬಾಗಿಲು ತೆರೆದಿದ್ದರೂ, ಬೇಡ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ, ಇನ್ನೊಬ್ಬರು ದಪ್ಪ ಒದ್ದೆ ಬಟ್ಟೆಯನ್ನು ಸೈಲೆನ್ಸರಿನ ಬಾಯಿಗೆ ಕೆಲವೇ ಕ್ಷಣ ಒತ್ತಿ ಹಿಡಿಯಲಿ. ಸೋರಿಕೆಯಿದ್ದರೆ "ಫುಸ್ ಫುಸ್" ಎಂಬ ಸದ್ದು ಅಲ್ಲಿಂದಲೇ ಬರುತ್ತದೆ. ಕೀಲುಗಳಿಗೆ ಸಾಬೂನಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಎಂಜಿನ್ ಆರಿಸಿ ನೋಡಿದಾಗ ಕೀಲಿನ ಸುತ್ತ ಕರಿ ಮಸಿಯ ಗೆರೆ ಕಂಡರೆ ಅದೇ ಗುರುತು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತೂರಬಾರದು. ಗ್ಯಾರೇಜಿನ ಗುಂಡಿಯಲ್ಲಿ ನೋಡಿಸಿ.

ನಮ್ಮ ವ್ಯಾನಿನಲ್ಲಿ ಕಂಡದ್ದು ಮೂರು ದೋಷ. ಎಂಜಿನ್ನಿನ ಹಿಂದಿನ ಕೀಲಿನ ಗ್ಯಾಸ್ಕೆಟ್ ಸುಟ್ಟುಹೋಗಿತ್ತು. ಹಿಂದಿನ ಸೀಟಿನ ಕೆಳಗೆ ಕೊಳವೆ ತುಕ್ಕು ಹಿಡಿದು ಹೆಬ್ಬೆರಳು ತೂರುವಷ್ಟು ತೂತಾಗಿತ್ತು. ಅದಕ್ಕೆ ನೇರ ಮೇಲೆ ನೆಲದ ತಗಡಿನಲ್ಲಿದ್ದ ರಬ್ಬರ್ ಬಿರಡೆ ಎಂದೋ ಬಿದ್ದುಹೋಗಿ, ಅಲ್ಲಿ ಗೋಣಿತಟ್ಟು ಹಾಸಿತ್ತು. ಇದರ ಮೇಲೆ ತೆರೆದ ಹಿಂಬಾಗಿಲು! ಪೆಟ್ಟಿಗೆಯಂತಹ ವಾಹನ ಮುಂದಕ್ಕೆ ಓಡುವಾಗ ಅದರ ಬೆನ್ನ ಹಿಂದೆ ಗಾಳಿ ಸುಳಿಸುತ್ತಿ, ಸೈಲೆನ್ಸರಿನ ಹೊಗೆಯನ್ನು ತೆರೆದ ಬಾಗಿಲಿನಿಂದ ಒಳಕ್ಕೆ ಎಳೆಯುತ್ತದೆ. ಜೀಪಿನ ಹಿಂದಿನ ತಾಡಪತ್ರಿ ಅರ್ಧ ಕಟ್ಟಿದಾಗಲೂ ಹೀಗೆಯೇ. ದೋಟಿ, ಏಣಿ ಇವುಗಳ ಜಾಗ ಮೇಲಿನ ಕ್ಯಾರಿಯರ್. ಬಾಗಿಲು ಪೂರ್ತಿ ಮುಚ್ಚಲು ಆಗದಿದ್ದರೆ ಹಿಂದೆ ಜನರನ್ನು ಕೂರಿಸಬಾರದು.

ರಿಪೇರಿಗೆ ಬಂದ ಖರ್ಚನ್ನು ಹೇಳಲು ನಾಚಿಕೆಯಾಗುತ್ತದೆ: ಗ್ಯಾಸ್ಕೆಟ್ಟಿನ ಬೆಲೆ ಒಬ್ಬ ಆಳಿನ ಒಂದು ದಿನದ ಕೂಲಿಗಿಂತ ಕಡಿಮೆ. ತೂತಿಗೆ ತೇಪೆ ವೆಲ್ಡಿಂಗ್ ಮಾಡುವುದು ತಾತ್ಕಾಲಿಕ, ತುಕ್ಕು ತಿಂದ ತಗಡು ಪಕ್ಕದಲ್ಲಿ ಮತ್ತೆ ಬಾಯಿ ಬಿಡುತ್ತದೆ. ಆ ತುಂಡು ಕೊಳವೆಯನ್ನೇ ಬದಲಿಸುವುದು ಮೇಲು. ಆಮ್ಲಜನಕದ ಸೆನ್ಸರ್ ಸತ್ತಿದ್ದರಿಂದ ಅದನ್ನೂ ಹಾಕಿಸಿದೆ. ಮೊಟ್ಟೆಯ ವಾಸನೆ ಅಂದೇ ನಿಂತಿತು, ಪೆಟ್ರೋಲಿನ ಮೈಲೇಜೂ ಸುಧಾರಿಸಿತು.

ಆ ದಿನ ನನ್ನ ಕಿಸೆಯಲ್ಲಿ ಚಾಲ್ತಿಯಲ್ಲಿದ್ದ ಹೊಗೆ ತಪಾಸಣೆಯ ಪತ್ರವಿತ್ತು ಎಂಬುದನ್ನೂ ಹೇಳಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದ ಪ್ರಕಾರ ಈ ಪತ್ರ ಇರಲೇಬೇಕು. ಬಿ.ಎಸ್. 4 ಮತ್ತು ನಂತರದ ಪೆಟ್ರೋಲ್ ಕಾರಿನಲ್ಲಿ ನಿಂತಲ್ಲೇ ಓಡುವಾಗ ಮಾನಾಕ್ಸೈಡ್ ಶೇಕಡಾ 0.3ನ್ನು ಮೀರಬಾರದು, ಬಹಳ ಹಳೆಯ ಕಾರುಗಳಿಗೆ ಶೇಕಡಾ 3ರವರೆಗೆ ರಿಯಾಯಿತಿಯಿದೆ. ಆದರೆ ಅಲ್ಲಿ ಕಡ್ಡಿ ತೂರಿಸಿ ಅಳೆಯುವುದು ಸೈಲೆನ್ಸರಿನ ಬಾಯಿಯಲ್ಲಿ. ನಡುವೆ ತೂತಿದ್ದರೆ ಸ್ವಲ್ಪ ಹೊಗೆ ಅಲ್ಲಿಯೇ ಹೊರಬಿದ್ದು, ಹೊರಗಿನ ಗಾಳಿಯೂ ಬೆರೆತು, ಅಳತೆ ಇರುವುದಕ್ಕಿಂತ ಚೆನ್ನಾಗಿಯೇ ಬರಬಹುದು. ಪತ್ರ ಪೊಲೀಸರಿಗೆ ತೋರಿಸಲು ಸಾಕು, ಹಿಂದೆ ಕುಳಿತವರ ತಲೆನೋವಿಗೆ ಉತ್ತರವಾಗದು.

ಯಾರಿಗಾದರೂ ಹೊಗೆ ತಗಲಿದ ಸಂಶಯ ಬಂದರೆ ಬಯಲಿಗೆ ತಂದು, ತಡಮಾಡದೆ ಆಮ್ಲಜನಕದ ವ್ಯವಸ್ಥೆಯಿರುವ ಆಸ್ಪತ್ರೆಗೆ ಬೇರೊಂದು ವಾಹನದಲ್ಲಿ ಒಯ್ಯಿರಿ. 108ಕ್ಕೆ ಫೋನು ಮಾಡಿ. ಕೋವಿಡ್ ಬಂದ ಮೇಲೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಹಲವರ ಮನೆಯಲ್ಲಿದೆ. ಅದು ಈ ವಿಷಯದಲ್ಲಿ ಮೋಸ ಮಾಡುತ್ತದೆ. ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಓದಿ 97, 98 ಎಂದು ತೋರಿಸೀತು. ಅದನ್ನು ನಂಬಿ ಮನೆಯಲ್ಲಿ ಮಲಗಿಸಬೇಡಿ. "ಗಾಡಿಯ ಹೊಗೆ ಕುಡಿದಿರಬಹುದು" ಎಂಬ ಮಾತನ್ನು ವೈದ್ಯರಿಗೆ ನೀವೇ ಹೇಳಬೇಕು.

ಕಾಫಿ ಇರುವ ಸದಸ್ಯರಿಗೆ ಇನ್ನೊಂದು ವಿಷಯ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಒಣಗಿಸಿದ ಚೀಲಗಳನ್ನು ಹೊಗೆ ಒಳಬರುವ ಗಾಡಿಯಲ್ಲಿ, ಅಥವಾ ಡೀಸೆಲ್ ಡಬ್ಬಿಯ ಪಕ್ಕದಲ್ಲಿ ಸಾಗಿಸಿದರೆ ಲೋಟದವರೆಗೂ ಆ ವಾಸನೆ ಹೋಗುತ್ತದೆ. ಗೋದಾಮಿನ ಬಾಗಿಲಿಗೆ ಹಿಮ್ಮುಖವಾಗಿ ನಿಂತ ಲಾರಿಯವರು ಹೇರುವಾಗ ಎಂಜಿನ್ ಆರಿಸಲೇಬೇಕು.

ರಿಪೇರಿಯಾದ ಮರುದಿನ ಗಾಜುಗಳನ್ನು ಅರ್ಧ ಇಳಿಸಿ, ಬಾಗಿಲು ಮುಚ್ಚಿ, ದೋಟಿಯನ್ನು ಮೇಲೆ ಕಟ್ಟಿ ಅದೇ ಜನರನ್ನು ಕರೆದುಕೊಂಡು ಹೊರಟೆ. ಖಾನಾಪುರ ದಾಟಿದ ಮೇಲೆ ಹಿಂದೆ ಮಾತೇ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಆ ಹಿರಿಯ ಹೆಣ್ಣುಮಗಳ ತಲೆ ಒಂದು ಕಡೆಗೆ ವಾಲಿದೆ. ನನ್ನ ಎದೆ ಧಸಕ್ಕೆಂದಿತು. ಗಕ್ಕನೆ ಬ್ರೇಕು ಹಾಕಿ, ಎಲ್ಲರೂ ಇಳಿಯಿರಿ ಎಂದು ಕೂಗಿದೆ. ಆಕೆ ಕಣ್ಣು ಹೊಸಕಿಕೊಂಡು ಮಳೆಯಲ್ಲಿ ಇಳಿದು ನಿಂತು, "ಏನಾತ್ರೀ ಧಣ್ಯಾರ? ರಾತ್ರೆಲ್ಲಾ ಮೊಮ್ಮಗಾ ನಿದ್ದಿ ಮಾಡಗೊಟ್ಟಿಲ್ರಿ, ಈಗಷ್ಟ ಕಣ್ಣ ಹತ್ತಿತ್ತು" ಎಂದಳು. ತಲೆ ನೋಯುತ್ತದೆಯೇ ಎಂದು ಕೇಳಿದೆ. "ಇಲ್ಲ" ಎಂದಳು. ಎರಡು ಸಲ ಕೇಳಿ, ಆಮೇಲೆ ಗಾಡಿ ಚಾಲೂ ಮಾಡಿದೆ.